ಕುಡಿಯಲು ಒಳ್ಳೆಯ ನೀರು, ಸ್ವಾರ್ಡ್‌ಟೇಲ್‌ಗೆ ಸಾಲದು

‘ಒರತೆ ನೀರು ಸಾರ್, ನಾವೂ ಅದನ್ನೇ ಕುಡಿಯೋದು. ಒಂದು ಚೂರು ಕೊಳೆ ಇಲ್ಲ. ಆದ್ರೂ ಮೀನು ಸಾಯ್ತಿದೆ.’ ಮಡಿಕೇರಿಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟ ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ನೀರು ಶುದ್ಧವಾಗಿದೆ ನಿಜ. ತೊಂದರೆ ಇರುವುದೇ ಅಲ್ಲಿ.

ಸ್ವಾರ್ಡ್‌ಟೇಲ್ ಮೆಕ್ಸಿಕೋದಿಂದ ಹೊಂಡುರಾಸ್‌ವರೆಗಿನ ತೊರೆಗಳ ಮೀನು. ಅದಕ್ಕೆ ಸುಣ್ಣದ ಅಂಶವಿರುವ ಗಡಸು ನೀರು ಬೇಕು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಹುಳಿ) 7ರಿಂದ 8ರ ಆಸುಪಾಸು, ಗಡಸುತನ ಅದರದೇ ಅಳತೆಯಲ್ಲಿ (dGH) 10 ಡಿಗ್ರಿಗಿಂತ ಮೇಲೆ. ನಮ್ಮ ಒರತೆ, ಬಾವಿಗಳ ನೀರು ಸಾಮಾನ್ಯವಾಗಿ ತೀರಾ ಮೆದು. ನೀರಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಮೀನಿನ ಮೈಯ ಉಪ್ಪು ಕಿವಿರಿನಿಂದ ಸೋರಿ ಹೋಗುತ್ತದೆ. ಮೀನು ರೆಕ್ಕೆ ಮುದುರಿ, ಇದ್ದಲ್ಲೇ ಮೈ ಅಲ್ಲಾಡಿಸುತ್ತದೆ. ನೀವು ರೋಗವೆಂದು ನೀಲಿ ಔಷಧಿ ಸುರಿಯುತ್ತೀರಿ. ಬೇರೆ ಕಾರಣವೂ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಔಷಧಿಗೆ ಮೊದಲು ನೀರು ಅಳೆಯಿರಿ.

ಹೋದ ಜುಲೈನಲ್ಲಿ ಭಾಗಮಂಡಲ ಕಡೆಯ ಒಬ್ಬ ಅಕ್ಕ ಬಾಟಲಿಯಲ್ಲಿ ನೀರು ತಂದಿದ್ದರು. ಗಡಸುತನ 1 ಡಿಗ್ರಿ, ಪಿಎಚ್ 6. ‘ಕಾಫಿ ತೋಟದ ಮಣ್ಣು ಹುಳಿಯಾದರೆ ಏನು ಮಾಡ್ತೀರಿ ಅಕ್ಕ?’ ಎಂದೆ. ‘ಸುಣ್ಣ ಹಾಕ್ತೇವೆ’ ಎಂದವರ ಮುಖ ಅರಳಿತು. ‘ಮನೇಲಿ ಮೂಟೆಯೇ ಇದೆ, ಹಾಕಿಬಿಡ್ಲಾ?’ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ದಯವಿಟ್ಟು ಬೇಡ. ಸುಟ್ಟ ಸುಣ್ಣವಾಗಲಿ ಅರಳಿದ ಸುಣ್ಣವಾಗಲಿ ನೀರಿಗೆ ಬಿದ್ದರೆ ಪಿಎಚ್ ಒಮ್ಮೆಲೇ ಏರಿ ಮೀನೆಲ್ಲ ಸಾಯುತ್ತವೆ.

ನಿಧಾನಕ್ಕೆ ಕರಗುವ ಸುಣ್ಣ ಬೇಕು. ಮಂಗಳೂರಿನಿಂದ ಮರುವಾಯಿ, ಅಂದರೆ ಕಪ್ಪೆಚಿಪ್ಪು, ಬರುತ್ತದಲ್ವಾ? ತಿಂದು ಉಳಿದ ಚಿಪ್ಪನ್ನು ಚೆನ್ನಾಗಿ ಕುದಿಸಿ, ಉಜ್ಜಿ, ಒಣಗಿಸಿ, ಜಜ್ಜಿ. 40 ಲೀಟರ್ ತೊಟ್ಟಿಗೆ ಒಂದು ಹಿಡಿ, ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಒಳಗಿಡಿ. ನೀರು ಹುಳಿಯಿದ್ದಷ್ಟು ಬೇಗ ಕರಗುತ್ತದೆ, ಸರಿಯಾಗುತ್ತ ಬಂದಂತೆ ನಿಧಾನವಾಗುತ್ತದೆ. ವಾರಕ್ಕೊಮ್ಮೆ ಅಳೆದು, ಸಾಲದಿದ್ದರೆ ಇನ್ನಷ್ಟು ಹಾಕಿ. ಇಷ್ಟು ಮಾಡಿಯೂ ಜನ ಒಂದು ಕಡೆ ಎಡವುತ್ತಾರೆ. ನೀರು ಬದಲಿಸುವಾಗ ಮತ್ತೆ ಅದೇ ಮೆದು ನೀರನ್ನು ತೊಟ್ಟಿ ತುಂಬ ಸುರಿಯುತ್ತಾರೆ! ಬದಲಿಸುವ ನೀರನ್ನೂ ಚಿಪ್ಪು ಹಾಕಿದ ಡ್ರಮ್ಮಿನಲ್ಲಿ ಕೆಲವು ದಿನ ಇಡಿ. ಒಮ್ಮೆಗೆ ಕಾಲು ಭಾಗ ಮಾತ್ರ ಬದಲಿಸಿ. ನಮ್ಮ ಮಳೆಗಾಲದ ಚಳಿಗೆ ಹೀಟರ್ ಬೇಕೇ ಬೇಕು, 24 ಡಿಗ್ರಿ ಸೆಲ್ಸಿಯಸ್ ಸಾಕು.

ಮರಿ ಮಾಡಿಸಲು ಹೆಚ್ಚೇನೂ ಕಷ್ಟವಿಲ್ಲ. ನೀರು ಸರಿಯಿದ್ದರೆ ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಗಂಡನ್ನು ಬೇರೆ ಮಾಡಿದ ಮೇಲೂ ತಿಂಗಳುಗಟ್ಟಲೆ ಹಾಕುತ್ತಿರುತ್ತದೆ, ವೀರ್ಯವನ್ನು ಒಳಗೇ ಕಾಪಿಟ್ಟುಕೊಳ್ಳುತ್ತದೆ. ದೊಡ್ಡ ಮೀನುಗಳು ಮರಿ ತಿನ್ನುತ್ತವೆ, ಅಡಗಲು ಜಾವಾ ಪಾಚಿ (ಜಾವಾ ಮಾಸ್ ಎಂಬ ನೀರಿನ ಗಿಡ) ದಟ್ಟವಾಗಿ ಹಾಕಿ.

ಆ ಅಕ್ಕನ ತೊಟ್ಟಿಯಲ್ಲಿ ಈಗ ಮರಿ ಜಾಸ್ತಿಯಾಗಿವೆ. ‘ತೋಡಿಗೆ ಬಿಡ್ಲಾ?’ ಎಂದು ಮೊನ್ನೆ ಫೋನ್ ಮಾಡಿದ್ದರು. ಬೇಡವೇ ಬೇಡ ಅಕ್ಕ, ಆ ತೋಡು ಕಾವೇರಿಗೆ ಸೇರುತ್ತದೆ, ಅಲ್ಲಿ ನಮ್ಮದೇ ಮೀನುಗಳಿವೆ ಎಂದೆ. ಭಾನುವಾರ ಬಕೆಟ್‌ನಲ್ಲಿ ತರುತ್ತಾರಂತೆ. ಅಂಗಡಿಯಲ್ಲಿ ಒಂದು ತೊಟ್ಟಿ ಖಾಲಿ ಮಾಡಿ, ಚಿಪ್ಪು ಹಾಕಿ ಇಟ್ಟಿದ್ದೇನೆ.