ಒಂದ್ ಕಡೇನೂ ಫಸ್ಟ್ ಬರದೆ ಬಂಗಾರದ ಹದ್ದು ಹೊತ್ಕೊಂಡ್ ಹೋಗೋದು ಹೆಂಗೆ?

ಪ್ರಶ್ನೆ: ಫೋರ್ ಹಿಲ್ಸ್ ಸ್ಕೀ ಜಂಪಿಂಗ್ (ಕಾಲಿಗೆ ಸ್ಕೀ ಕಟ್ಕೊಂಡು ಇಳಿಜಾರಲ್ಲಿ ಜಾರಿ ದೂರ ಹಾರೋ ಆಟ) ನೋಡ್ತೀನಿ. 2023-24ರಲ್ಲಿ ಜಪಾನಿನ ರ್ಯೋಯು ಕೊಬಯಾಶಿ ನಾಲ್ಕು ಪಂದ್ಯದಲ್ಲಿ ಒಂದನ್ನೂ ಗೆಲ್ಲಲಿಲ್ಲ, ಆದ್ರೂ ಚಾಂಪಿಯನ್ ಅವನೇ ಆದ, ಬಂಗಾರದ ಹದ್ದಿನ ಟ್ರೋಫಿ ಅವನಿಗೇ ಹೋಯ್ತು. ಇದ್ಯಾವ ನ್ಯಾಯ?

ನ್ಯಾಯಾನೇ, ಆದ್ರೆ ಇಲ್ಲಿ ಲೆಕ್ಕ ಬೇರೆ. ನಾವು ಕ್ರಿಕೆಟ್ ಸರಣಿ ನೋಡಿ ನೋಡಿ ಎಷ್ಟು ಮ್ಯಾಚ್ ಗೆದ್ದ ಅಂತ್ಲೇ ಎಣಿಸ್ತೀವಿ. ಇದನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಥರ ನೋಡ್ಬೇಕು. ಕ್ಲಾಸಲ್ಲಿ ಒಬ್ಬಳು ಇರ್ತಾಳಲ್ಲ, ಗಣಿತಕ್ಕೆ ಯಾರೋ ಫಸ್ಟು, ವಿಜ್ಞಾನಕ್ಕೆ ಇನ್ಯಾರೋ, ಇವಳದ್ದು ಎಲ್ಲಾದ್ರಲ್ಲೂ ಸೆಕೆಂಡು, ಟೋಟಲ್ ಹಾಕಿದ್ರೆ ಸ್ಕೂಲಿಗೇ ಇವಳು ಮೊದಲು. ಕೊಬಯಾಶಿ ಮಾಡಿದ್ದೂ ಅಷ್ಟೇ. ಓಬರ್‌ಸ್ಟ್‌ಡಾರ್ಫ್‌ನಲ್ಲಿ ವೆಲ್ಲಿಂಗರ್ ಗೆದ್ದ, ಗಾರ್ಮಿಶ್‌ನಲ್ಲಿ ಲಾನಿಷೆಕ್, ಇನ್ಸ್‌ಬ್ರುಕ್‌ನಲ್ಲಿ ಹ್ಯೋರ್ಲ್, ಬಿಷೊಫ್ಸ್‌ಹೋಫನ್‌ನಲ್ಲಿ ಕ್ರಾಫ್ಟ್, ನಾಲ್ಕೂ ಕಡೆ ಎರಡನೇ ಸ್ಥಾನದಲ್ಲಿ ಇದೇ ಮನುಷ್ಯ. 1998-99ರಲ್ಲಿ ಫಿನ್‌ಲೆಂಡಿನ ಯಾನ್ನೆ ಅಹೋನೆನ್ ಕೂಡ ಒಂದೂ ಪಂದ್ಯ ಗೆಲ್ಲದೇನೇ ಟೂರ್ನಮೆಂಟ್ ಹೊಡ್ಕೊಂಡಿದ್ದ.

ಡಿಸೆಂಬರ್ ಕೊನೆಗೆ ಜರ್ಮನಿಯಲ್ಲಿ ಶುರುವಾಗಿ ಜನವರಿ 6ರ ಹೊತ್ತಿಗೆ ಆಸ್ಟ್ರಿಯಾದಲ್ಲಿ ಮುಗಿಯುತ್ತೆ, ನಾಲ್ಕು ಊರು, ಊರಿಗೆ ಎರಡು ಜಂಪ್, ಒಟ್ಟು ಎಂಟು. ಎಂಟರ ಅಂಕಾನೂ ಹಂಗೇ ಕೂಡಿಸ್ತಾರೆ. ಊರೂರಿಗೆ ಗೆದ್ದವನಿಗೆ ಇಷ್ಟು, ಎರಡನೆಯವನಿಗೆ ಇಷ್ಟು ಅನ್ನೋ ಲೆಕ್ಕ ಈ ಟೋಟಲ್‌ಗೆ ಬರೋದೇ ಇಲ್ಲ.

ಒಂದ್ ಜಂಪ್ ಬಿಡಿಸಿ ನೋಡೋಣ. ಓಬರ್‌ಸ್ಟ್‌ಡಾರ್ಫ್ ಇಳಿಜಾರಲ್ಲಿ 120 ಮೀಟರಿಗೆ ಒಂದು ಗೆರೆ ಇದೆ, ಕೆ-ಪಾಯಿಂಟ್ ಅಂತಾರೆ, ಅಲ್ಲಿಗೆ ಸರಿಯಾಗಿ ಇಳಿದ್ರೆ 60 ಅಂಕ. ಅಲ್ಲಿಂದಾಚೆ ಮೀಟರಿಗೆ 1.8 ಸೇರುತ್ತೆ, ಈಚೆ ಆದ್ರೆ ಅಷ್ಟೇ ಕಟ್. ಒಬ್ಬ 130 ಮೀಟರ್ ಹಾರಿದ ಅಂತ ಇಟ್ಕೊಳ್ಳಿ, 60 ಪ್ಲಸ್ 18, ಅಂದ್ರೆ 78. ಆಮೇಲೆ ಐದು ಜನ ಜಡ್ಜ್‌ಗಳು, ಒಬ್ಬೊಬ್ರ ಕೈಲೂ 20 ಅಂಕ, ಹಾರುವಾಗ ಮೈ ಅಲ್ಲಾಡ್ತಾ, ಇಳಿಯುವಾಗ ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ಮಂಡಿ ಬಾಗಿಸಿ ನಿಂತ್ನಾ ಇಲ್ವಾ ಅಂತ ನೋಡ್ತಾರೆ. ಆ ಲ್ಯಾಂಡಿಂಗ್‌ಗೆ ಟೆಲಿಮಾರ್ಕ್ ಅಂತ ಹೆಸರು. ಅವರು 17.5, 18, 18.5, 18.5, 19 ಕೊಟ್ರೆ ಮೊದಲಿಂದು ಕೊನೇದು ತೆಗೆದು ಮಧ್ಯದ ಮೂರು ಕೂಡಿಸಿ 55. ಒಟ್ಟು 133. ಇಲ್ಲಿಗೆ ಮುಗೀತಾ ಅಂದ್ರೆ ಇಲ್ಲ, ಗಾಳಿ ಲೆಕ್ಕ ಬಾಕಿ. ಎದುರು ಗಾಳಿ ಇದ್ರೆ ಹಕ್ಕಿ ಥರ ಮೇಲೆತ್ತುತ್ತೆ, ಅದಕ್ಕೇ ಅಂಕ ಕಟ್, ಹಿಂದಿನಿಂದ ಬೀಸಿದ್ರೆ ಕೆಳಗೆ ತಳ್ಳುತ್ತೆ, ಅಂಕ ಸೇರಿಸ್ತಾರೆ. ಹೊರಡೋ ಗೇಟ್, ಅಂದ್ರೆ ಜಾರೋಕೆ ಶುರು ಮಾಡೋ ಜಾಗ, ಮೇಲೆ ಕೆಳಗೆ ಮಾಡಿದ್ರೂ ಹೀಗೇನೇ. ನಮ್ಮ ಡಕ್‌ವರ್ತ್ ಲೂಯಿಸ್ ಅನ್ಕೊಳ್ಳಿ, ಆದ್ರೆ ಇದು ಪ್ರತಿ ಜಂಪಿಗೂ ನಡೀತಾನೇ ಇರುತ್ತೆ, 2009-10ರ ಸೀಸನ್‌ನಿಂದ ಬಂದಿದ್ದು. ಅದಕ್ಕೇ ಟಿವಿಯಲ್ಲಿ ಜಾಸ್ತಿ ದೂರ ಹಾರಿದವನು ಕೆಳಗೆ, ಕಮ್ಮಿ ಹಾರಿದವನು ಮೇಲೆ ಕಾಣ್ಸೋದು, ನಿಮ್ಮ ಕಣ್ಣಿಗೇನೂ ಆಗಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಒಂದು ಊರಲ್ಲಿ ಗೆದ್ದವನಿಗೂ ಎರಡನೆಯವನಿಗೂ ಮಧ್ಯೆ ಮೂರ್ನಾಲ್ಕು ಅಂಕ ಇರ್ಬಹುದು, ಎರಡು ಮೀಟರ್ ಅಷ್ಟೇ. ಆದ್ರೆ ಒಂದ್ ಜಂಪ್ ಕೆಟ್ರೆ ಹೋಗೋದು ಇಪ್ಪತ್ತು ಮೂವತ್ತು. ಗೆದ್ದು ಗಳಿಸೋದು ಚಿಲ್ಲರೆ, ಕೆಡಿಸ್ಕೊಂಡ್ರೆ ಗಂಟೇ ಹೋಯ್ತು. ಇದರ ಮೇಲೆ ನಾಕೌಟ್ ಬೇರೆ, ಮೊದಲ ರೌಂಡಲ್ಲಿ 50 ಜನಾನ 25 ಜೋಡಿ ಮಾಡಿ ಬಿಡ್ತಾರೆ, ಜೋಡಿ ಗೆದ್ದ 25 ಜನ, ಸೋತವರಲ್ಲಿ ಚೆನ್ನಾಗಿ ಹಾರಿದ 5 ಜನ, ಇವರಿಗಷ್ಟೇ ಎರಡನೇ ಜಂಪ್. ಅಲ್ಲಿ ಔಟಾದ್ರೆ ಒಂದಿಡೀ ಜಂಪಿನ ಅಂಕ ಗೋವಿಂದ.

ಹಿಂಗೆ ಜಂಪ್ ಕೆಡಿಸೋದಕ್ಕೆ ಕುಖ್ಯಾತಿ ಇನ್ಸ್‌ಬ್ರುಕ್‌ನ ಬರ್ಗಿಸೆಲ್ ಗುಡ್ಡ. ಮೇಲೆ ನಿಂತು ನೋಡಿದ್ರೆ ಇಳಿಯೋ ಜಾಗದಾಚೆ ಊರಿನ ಸ್ಮಶಾನ ಕಾಣ್ಸುತ್ತೆ, ಆ ನೋಟ ಇಟ್ಟವರ ಧೈರ್ಯಕ್ಕೆ ಏನು ಹೇಳ್ಬೇಕೋ! ಗಾಳಿ ಕಾಟದಿಂದ 2008ರಲ್ಲೂ 2022ರಲ್ಲೂ ಅಲ್ಲಿನ ಪಂದ್ಯಾನೇ ಬಿಷೊಫ್ಸ್‌ಹೋಫನ್‌ಗೆ ಎತ್ತಾಕಿದ್ರು. 2018ರಲ್ಲಿ ಒಟ್ಟಾರೆ ಎರಡನೇ ಸ್ಥಾನದಲ್ಲಿದ್ದ ರಿಚರ್ಡ್ ಫ್ರೈಟಾಗ್ ಅಲ್ಲೇ ಬಿದ್ದು ಟೂರ್ನಮೆಂಟಿಂದಾನೇ ಹೊರಗೆ ಹೋದ. 2021ರಲ್ಲಿ ಮುಂದಿದ್ದ ನಾರ್ವೆಯ ಗ್ರಾನೆರುಡ್ ಅಲ್ಲಿ 15ನೆಯವನಾದ, ಎರಡು ಸಲವೂ ಕೊನೆಗೆ ಗೆದ್ದಿದ್ದು ಪೋಲೆಂಡಿನ ಕಾಮಿಲ್ ಸ್ಟೋಖ್. 2024ರಲ್ಲಿ ಕೊಬಯಾಶಿ ವೆಲ್ಲಿಂಗರ್‌ನ ಹಿಂದೆ ಹಾಕಿದ್ದೂ ಇದೇ ಗುಡ್ಡದಲ್ಲಿ.

ನಾಲ್ಕಕ್ಕೆ ನಾಲ್ಕೂ ಗೆಲ್ಲೋಕೆ ಆಗಲ್ವಾ ಅಂದ್ರೆ ಆಗುತ್ತೆ. 1953ರಿಂದ ನಡೀತಿರೋ ಇದ್ರಲ್ಲಿ ಮೊದಲ ಸಲ ಮಾಡಿದ್ದು ಸ್ವೆನ್ ಹಾನ್ನವಾಲ್ಡ್, 2001-02ರಲ್ಲಿ. ಆಮೇಲೆ 2017-18ರಲ್ಲಿ ಸ್ಟೋಖ್, ಮರುವರ್ಷವೇ ಇನ್ನೊಬ್ಬ. ಆ ಇನ್ನೊಬ್ಬ ಇದೇ ಕೊಬಯಾಶಿ, ಅಂದ್ರೆ ಎಲ್ಲಾ ಗೆದ್ದು ಚಾಂಪಿಯನ್ ಆಗಿದ್ದೂ ಅವನೇ, ಏನೂ ಗೆಲ್ಲದೆ ಆಗಿದ್ದೂ ಅವನೇ.

ಅಂತರ ಎಷ್ಟು ಸಣ್ಣದು ಅಂತ ಬೇಕಿದ್ರೆ 2025ರ ಜನವರಿ 6 ನೋಡಿ. ಏಳು ಜಂಪ್ ಮುಗಿದು ಕೊನೇದೊಂದೇ ಬಾಕಿ ಇದ್ದಾಗ್ಲೂ ಮೂವರು ಆಸ್ಟ್ರಿಯನ್ನರಲ್ಲಿ ಯಾರು ಅಂತ ಹೇಳೋಕಾಗ್ತಿರ್ಲಿಲ್ಲ. ಡೇನಿಯಲ್ ಚೊಫೆನಿಗ್ ಎಂಟು ಜಂಪ್ ಸೇರಿಸಿ ಹ್ಯೋರ್ಲ್‌ನ ಸೋಲಿಸಿದ್ದು 1.4 ಅಂಕದಿಂದ. ಮೀಟರಿಗೆ 1.8 ಅಂದ್ನಲ್ಲ, ಲೆಕ್ಕ ಹಾಕ್ಕೊಳ್ಳಿ.