5ಜಿ ಫೋನಿನ ಬೆಲೆಯಲ್ಲಿ ಪೇಟೆಂಟ್ ಪಾಲೆಷ್ಟು?

ಪ್ರಶ್ನೆ: 5ಜಿ ಫೋನ್ ಕೊಂಡರೆ ಪೇಟೆಂಟ್ ಕಂಪನಿಗಳಿಗೆ ಎಷ್ಟು ಹೋಗುತ್ತದೆ? ಚಿಪ್ ಕೊಂಡ ಮೇಲೂ ಬೇರೆ ರಾಯಧನ (ಪೇಟೆಂಟ್ ಬಳಸಲು ಕೊಡುವ ಶುಲ್ಕ) ಏಕೆ?

ಉತ್ತರ: ಕಂಪನಿಗಳೇ ಪ್ರಕಟಿಸಿದ ದರ ಹಿಡಿದು ಲೆಕ್ಕ ಹಾಕೋಣ. 3ಜಿ, 4ಜಿಯೂ ಇರುವ 5ಜಿ ಫೋನಿಗೆ ಅಮೆರಿಕದ ಚಿಪ್ ಕಂಪನಿ ಕ್ವಾಲ್ಕಾಮ್ ಕೇಳುವುದು ಶೇ 3.25. ಅದು ಅಂಗಡಿ ಬೆಲೆಯ ಮೇಲಲ್ಲ, ತಯಾರಕರ ಮಾರಾಟ ಬೆಲೆಯ ಮೇಲೆ, ಅದೂ 400 ಡಾಲರ್‌ವರೆಗೆ ಮಾತ್ರ. 200 ಡಾಲರ್ ಫೋನಿಗೆ 6.50 ಡಾಲರ್ ಆಯಿತು. ಸಾವಿರ ಡಾಲರ್‌ನದಾದರೂ 13 ದಾಟದು. ಒಂದು ಫೋನಿಗೆ ಎರಿಕ್ಸನ್ 2.50ರಿಂದ 5 ಡಾಲರ್, ನೋಕಿಯಾ ಗರಿಷ್ಠ 3 ಯೂರೊ, ಹುವಾವೇ ಗರಿಷ್ಠ 2.50 ಡಾಲರ್. ದುಬಾರಿ ಫೋನಿಗೆ ಈ ನಾಲ್ವರದ್ದೇ 20 ಡಾಲರ್ ಮೀರುತ್ತದೆ.

ಆದರೆ ಎಲ್ಲರೂ ಇಷ್ಟು ಕಟ್ಟುವುದಿಲ್ಲ. ಸ್ಯಾಮ್‌ಸಂಗ್‌ನಂತೆ ಫೋನೂ ಮಾಡಿ ಪೇಟೆಂಟೂ ಇಟ್ಟುಕೊಂಡವರು ಪರಸ್ಪರ ಲೈಸೆನ್ಸ್ ಕೊಟ್ಟು, ಉಳಿದ ವ್ಯತ್ಯಾಸ ಮಾತ್ರ ತುಂಬುತ್ತಾರೆ. ಪೆಟ್ಟು ಬೀಳುವುದು ಕೈಯಲ್ಲಿ ಪೇಟೆಂಟ್ ಇಲ್ಲದ ತಯಾರಕರಿಗೆ. 2024ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎರಿಕ್ಸನ್‌ಗೆ ಸುಮಾರು 244 ಕೋಟಿ ರೂಪಾಯಿ ಕೊಡುವಂತೆ ಭಾರತದ ಫೋನ್ ಕಂಪನಿ ಲಾವಾಗೆ ಹೇಳಿತು. ಅದು 5ಜಿಯದ್ದಲ್ಲ, ಹಳೆಯ 2ಜಿ, 3ಜಿ ತಂತ್ರಜ್ಞಾನದ ಬಾಕಿ!

ಇನ್ನು ಚಿಪ್ ವಿಷಯ. ಪೇಟೆಂಟ್ ಇರುವುದು ಫೋನ್ ಮತ್ತು ಟವರ್ ಮಾತಾಡುವ ವಿಧಾನದ ಮೇಲೆ. ಉದಾಹರಣೆಗೆ, ದಾರಿಯಲ್ಲಿ ಆದ ತಪ್ಪು ಸರಿಪಡಿಸಲು 5ಜಿಯಲ್ಲಿ ಡೇಟಾಗೆ ಎಲ್‌ಡಿಪಿಸಿ ಕೋಡ್, ನಿಯಂತ್ರಣ ಸಂದೇಶಗಳಿಗೆ ಪೋಲಾರ್ ಕೋಡ್. ಯಾರ ಚಿಪ್ ಹಾಕಿದರೂ ಫೋನ್ ಇದನ್ನೇ ಬಳಸಬೇಕು. ಲೈಸೆನ್ಸನ್ನು ಸಾಮಾನ್ಯವಾಗಿ ಇಡೀ ಫೋನಿನ ಮಟ್ಟದಲ್ಲೇ ಕೊಡುವುದರಿಂದ, ಮೀಡಿಯಾಟೆಕ್ ಚಿಪ್ ಹಾಕಿದ ತಯಾರಕರಿಗೂ ಕ್ವಾಲ್ಕಾಮ್ ರಾಯಧನ ತಪ್ಪುವುದಿಲ್ಲ.

'ನಮ್ಮಲ್ಲೇ ಅತಿ ಹೆಚ್ಚು 5ಜಿ ಪೇಟೆಂಟ್' ಎಂಬ ಸುದ್ದಿಯನ್ನು ಮಾತ್ರ ಹಾಗೇ ನಂಬಬೇಡಿ. ಯೂರೋಪಿನ ಮಾನಕ ಸಂಸ್ಥೆ ಎಟ್ಸಿಯ ಪಟ್ಟಿಗೆ ಕಂಪನಿಗಳು ತಾವೇ '5ಜಿ ಮಾನಕಕ್ಕೆ ಈ ಪೇಟೆಂಟ್ ಅನಿವಾರ್ಯ' ಎಂದು ಘೋಷಿಸುತ್ತವೆ. ನಿಜಕ್ಕೂ ಅನಿವಾರ್ಯವೇ ಎಂದು ಎಟ್ಸಿ ಪರಿಶೀಲಿಸುವುದಿಲ್ಲ. ಘೋಷಿಸದೆ ಬಿಟ್ಟರೆ ಮುಂದೆ ಕೋರ್ಟಿನಲ್ಲಿ ತೊಡಕು, ಅದಕ್ಕೇ ಎಲ್ಲರೂ ಧಾರಾಳವಾಗಿ ಸೇರಿಸುತ್ತಾರೆ. ಸಂಖ್ಯೆಗಿಂತ ಕೋರ್ಟಿನಲ್ಲಿ ನಿಲ್ಲುವ ಪೇಟೆಂಟ್ ಮುಖ್ಯ. ನೋಕಿಯಾ ಜರ್ಮನಿಯಲ್ಲಿ ಗೆದ್ದಾಗ ಒಪ್ಪೊ 2022ರಲ್ಲಿ ಅಲ್ಲಿ ಮಾರಾಟವನ್ನೇ ನಿಲ್ಲಿಸಬೇಕಾಯಿತು. ರಾಜಿಯಾದದ್ದು 2024ರ ಜನವರಿಯಲ್ಲಿ.

6ಜಿಗೆ ಪೈಪೋಟಿ ಈಗಾಗಲೇ ಶುರುವಾಗಿದೆ. ನಮ್ಮ ಸಂಶೋಧಕರು ಒಂದು ಕ್ರಮ ತಪ್ಪಬಾರದು: ಮೊದಲು ಪೇಟೆಂಟ್ ಅರ್ಜಿ, ಆಮೇಲೆ ಮೊಬೈಲ್ ಮಾನಕಗಳನ್ನು ರೂಪಿಸುವ ಜಾಗತಿಕ ಒಕ್ಕೂಟ 3ಜಿಪಿಪಿಯ ಸಭೆಗೆ ಪ್ರಸ್ತಾಪ. ಸಭೆಯ ಕಡತಗಳು ಯಾರು ಬೇಕಾದರೂ ನೋಡಬಹುದಾದವು. ಅಲ್ಲಿ ಹಾಕಿದ ಮೇಲೆ ಅರ್ಜಿ ಕೊಟ್ಟರೆ, 'ಇದು ಈಗಾಗಲೇ ಬಹಿರಂಗವಾಗಿದೆ' ಎಂದು ಸ್ವಂತ ಪ್ರಸ್ತಾಪವೇ ಅಡ್ಡ ಬರುತ್ತದೆ.