ಬಾಟಲಿಯ ಕೆಳಗಿನ ಕೊಳವೆ

ಚಿಕ್ಕಮಗಳೂರು ಕಡೆ ಜ್ವರ ಬಂದು ಸೊರಗಿದವರು ‘ಒಂದು ಬಾಟಲಿ ಹಾಕಿಸಿಕೊಂಡು ಬಂದೆ’ ಎನ್ನುತ್ತಾರೆ, ಅಂದರೆ ಡ್ರಿಪ್. ಬಾಟಲಿಯ ಮೇಲಿನ ಈ ಭಕ್ತಿ ಅದರ ಕೆಳಗಿನ ಕೊಳವೆಯ ಮೇಲೆ ಯಾರಿಗೂ ಇದ್ದಂತಿಲ್ಲ. ಕೈಯೊಳಗೆ ಸೂಜಿಯೇ ಇದೆ ಎಂದು ಹಲವರು ನಂಬಿರುತ್ತಾರೆ. ಸೂಜಿ ದಾರಿ ಮಾಡಿಕೊಟ್ಟು ಹೊರಬಂದಿರುತ್ತದೆ. ರಕ್ತನಾಳದಲ್ಲಿ ಉಳಿಯುವುದು ಕ್ಯಾನ್ಯುಲಾ ಎಂಬ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ.

ಕಾಫಿ ಕೊಯ್ದು ಒರಟಾಗಿದ್ದ ನಮ್ಮ ಅತ್ತೆಯ ಕೈಗೆ ನರ್ಸ್ ಒಂದೇ ಯತ್ನಕ್ಕೆ ಅದನ್ನು ಹಾಕಿದಾಗ ನಾವೆಲ್ಲ ಮೆಚ್ಚಿದೆವು. ಮೂರನೆಯ ದಿನ ಮಣಿಕಟ್ಟು ಕೆಂಪಾಗಿ, ಬಿಸಿಯೇರಿ, ನಾಳ ಹುರಿಯಂತೆ ಗಟ್ಟಿಯಾಗಿತ್ತು. ವೈದ್ಯರು ಇದನ್ನು ಫ್ಲೆಬೈಟಿಸ್, ಅಂದರೆ ನಾಳದ ಉರಿಯೂತ ಎನ್ನುತ್ತಾರೆ.

ಮಡಚುವ ಜಾಗದಲ್ಲಿ ಕೊಳವೆ ಇದ್ದರೆ ಕೈ ಆಡಿದಾಗಲೆಲ್ಲ ನಾಳದ ಒಳಗೋಡೆಯನ್ನು ಉಜ್ಜುತ್ತದೆ. ನಾಳ ತುಂಬುವಷ್ಟು ದಪ್ಪವಿದ್ದರೆ ಸುತ್ತ ರಕ್ತ ಹರಿಯದೆ ಔಷಧ ತೆಳುವಾಗುವುದಿಲ್ಲ, ಗೋಡೆಯನ್ನೇ ಕೆರಳಿಸುತ್ತದೆ. ಕೊಳವೆಯ ಬುಡದ ಬಣ್ಣವೇ ಅದರ ಗೇಜ್, ಅಂದರೆ ದಪ್ಪದ ಅಳತೆ, ಹೇಳುತ್ತದೆ. ಹಸಿರು 18, ಗುಲಾಬಿ 20, ನೀಲಿ 22, ಹಳದಿ 24: ಈ ಸಂಖ್ಯೆ ಏರಿದಷ್ಟೂ ಕೊಳವೆ ಸಣ್ಣ. ಕೆಲಸ ನಡೆಯುವಂತಿದ್ದರೆ ಸಣ್ಣದೇ ಲೇಸು.

ಮೂರನೆಯ ಕಾರಣ ಸೂಕ್ಷ್ಮಜೀವಿ. ನಮ್ಮ ಚರ್ಮದ ಮೇಲೆ ಸಾಧುವಾಗಿ ಬದುಕುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಬ್ಯಾಕ್ಟೀರಿಯಾಕ್ಕೆ ಪ್ಲಾಸ್ಟಿಕ್ ಸಿಕ್ಕರೆ ಹಬ್ಬ. ತೋಟದ ಪೈಪಿನ ಒಳಮೈಗೆ ಲೋಳೆ ಹಿಡಿಯುವಂತೆ ಕೊಳವೆಗೆ ಅಂಟಿ ಪದರ ಕಟ್ಟಿಕೊಳ್ಳುತ್ತದೆ. ಆ ಲೋಳೆಯೊಳಗೆ ಅಡಗಿದ ಜೀವಿಗಳನ್ನು ಆಂಟಿಬಯಾಟಿಕ್ ಕೊಲ್ಲುವುದು ಬಲು ಕಷ್ಟ.

ಹಾಗಾಗಿ ನರ್ಸ್‌ಗಳ ತರಬೇತಿಯಲ್ಲಿ ಚುಚ್ಚುವ ಚಳಕಕ್ಕಿಂತ ಕಾಯುವ ಅಭ್ಯಾಸ ದೊಡ್ಡದು. ಔಷಧ ಕೊಡುವ ಮೊದಲು ಕೊಳವೆಯ ಬಾಯಿಯನ್ನು 70 ಶೇಕಡಾ ಆಲ್ಕೊಹಾಲಿನಿಂದ ಸುಮಾರು 15 ಸೆಕೆಂಡ್ ಉಜ್ಜಿ, ಒಣಗಲು ಬಿಡಬೇಕು. ಶುದ್ಧ ಆಲ್ಕೊಹಾಲ್ ಇನ್ನೂ ಪ್ರಬಲವಲ್ಲವೇ ಎಂದರೆ, ಅಲ್ಲ; ಜೀವಿಯ ಪ್ರೋಟೀನನ್ನು ಕೆಡಿಸಲು ಸ್ವಲ್ಪ ನೀರೂ ಬೇಕು. ಊದಿ ಒಣಗಿಸಿದರೆ ನಮ್ಮ ಬಾಯಿಯ ಜೀವಿಗಳನ್ನೇ ಕೊಳವೆಗೆ ದಾನ ಮಾಡಿದಂತೆ!

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಹಾಸಿಗೆ, ತಲಾ ನಾಲ್ಕು ಬಾರಿ ಔಷಧ, ಪ್ರತಿ ಬಾರಿ ಉಜ್ಜಿ ಒಣಗಿಸಲು ಅರ್ಧ ನಿಮಿಷ ಎಂದರೂ 40 ನಿಮಿಷ. ಒಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ಮೊದಲು ಕತ್ತರಿ ಬೀಳುವುದು ಈ ಅರ್ಧ ನಿಮಿಷಕ್ಕೆ. ಜನ ಕೊಡದೆ ತರಬೇತಿ ಮಾತ್ರ ಕೊಡುವವರ ಮೇಲೆ ನನಗೆ ಸಿಟ್ಟಿದೆ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ವೈದ್ಯ ಪೀಟರ್ ಪ್ರೊನೊವೋಸ್ಟ್ ಅವರ ತಂಡ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಲ್ಲಿ ನೋಡಿದ್ದು ಹೃದಯದ ಬಳಿಯವರೆಗೆ ಹೋಗುವ ದೊಡ್ಡ ಕೊಳವೆಗಳನ್ನು. ಕೈ ತೊಳೆಯುವುದು, ಬೇಡವಾದ ಕೊಳವೆ ತೆಗೆಯುವುದು ಮುಂತಾದ ಐದು ಸರಳ ಕ್ರಮಗಳಿಂದ, ಸಾವಿರ ಕೊಳವೆ-ದಿನಗಳಿಗೆ (ಒಂದು ಕೊಳವೆ ಒಂದು ದಿನ ಒಳಗಿದ್ದರೆ ಒಂದು ಕೊಳವೆ-ದಿನ) 2.7 ಇದ್ದ ಸೋಂಕಿನ ಮಧ್ಯಾಂಕ ದರ (ಐಸಿಯುಗಳನ್ನು ದರದ ಕ್ರಮದಲ್ಲಿ ಸಾಲಾಗಿಟ್ಟರೆ ನಡುವಿನದರ ದರ) ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ಕ್ರಮ ತಪ್ಪಿದ ವೈದ್ಯರನ್ನು ತಡೆಯುವ ಅಧಿಕಾರ ನರ್ಸ್‌ಗಳಿಗಿತ್ತು. ನಮ್ಮ ವಾರ್ಡುಗಳಲ್ಲಿ ‘ಸರ್, ನಿಲ್ಲಿಸಿ’ ಎನ್ನುವ ಧೈರ್ಯಕ್ಕೂ ತರಬೇತಿ ಬೇಕು.

ಅತ್ತೆಗೆ ಎರಡನೆಯ ಕೊಳವೆಯನ್ನು ಹಿರಿಯ ಸಿಸ್ಟರ್ ಮುಂಗೈಯ ನೇರ ಭಾಗಕ್ಕೆ ಹಾಕಿ, ಪಟ್ಟಿಯ ಮೇಲೆ ತಾರೀಖು ಬರೆದರು. ಮರುದಿನ ಅತ್ತೆ ಗಂಜಿ ಕುಡಿದದ್ದೇ ತಡ, ಸಿಸ್ಟರ್ ವೈದ್ಯರನ್ನು ಕೇಳಿ ಬಂದು ಅದನ್ನು ತೆಗೆದೇಬಿಟ್ಟರು. ದುಡ್ಡು ಕೊಟ್ಟು ತಂದ ಬಾಟಲಿ ಅರ್ಧ ಉಳಿಯಿತಲ್ಲ ಎಂಬ ಕೊರಗು ಅತ್ತೆಗೆ ಇಂದಿಗೂ ಇದೆ.